ಏಳಕ್ಕೆ ಆರು

ನಾನು ಒಂದು ರೂಪಾಯಿ. ಹೈದರಾಬಾದಿನ ಟಂಕಸಾಲೆಯಲ್ಲಿ ಹುಟ್ಟಿದೆ. ಬೆಳ್ಳಿಯ ಬಿಲ್ಲೆಯೊಂದನ್ನು ಅಚ್ಚಿನ ನಡುವೆ ಇಟ್ಟು ಒತ್ತಿದರು, ಎದೆಯ ಮೇಲೆ ಚಾರ್ಮಿನಾರ್ ಮೂಡಿತು. ಹೆಸರು ಹಾಲಿ ಸಿಕ್ಕಾ. ಹಾಲಿ ಅಂದರೆ ಈಗ ನಡೆಯುತ್ತಿರುವುದು. ಯಾವುದು ಎಷ್ಟು ಕಾಲ ನಡೆಯುತ್ತದೆಂದು ತಿಳಿಯದವರೇ ಇಂಥ ಹೆಸರಿಡುತ್ತಾರೆ.

ನಿಜಾಮರ ಸೀಮೆಯ ಆಚೆ ಇಂಗ್ಲಿಷರ ರೂಪಾಯಿ ಇತ್ತು. ಜನ ಅದನ್ನು ಕಲ್ದಾರ ಎನ್ನುತ್ತಿದ್ದರು. ಉರ್ದುವಿನಲ್ಲಿ ಕಲ್ ಅಂದರೆ ಯಂತ್ರ. ಯಂತ್ರದಲ್ಲಿ ಹುಟ್ಟಿದ್ದೇ ಅದರ ಹೆಚ್ಚುಗಾರಿಕೆ. ಆಮೇಲೆ ನಾವೂ ಯಂತ್ರದಲ್ಲೇ ಹುಟ್ಟಿದೆವು, ಬಿರುದು ಮಾತ್ರ ಅದಕ್ಕೇ ಉಳಿಯಿತು. ಅದರ ಮೈಯಲ್ಲಿ ಬೆಳ್ಳಿ ತುಸು ಹೆಚ್ಚು. ನಮ್ಮ ಏಳು ರೂಪಾಯಿಗಳ ಬೆಳ್ಳಿ ಕೂಡಿಸಿದರೆ ಅದರ ಆರಕ್ಕೆ ಸಮ. ಏಳಕ್ಕೆ ಆರು ಎಂಬ ದರ ಹುಟ್ಟಿದ್ದು ಹೀಗೆ. ಇಷ್ಟು ಅಂತರಕ್ಕೆ ಗಡಿಯಾಚೆಯವರು ಮೂಗು ಮುರಿಯುತ್ತಿದ್ದ ರೀತಿ ನೋಡಿದರೆ, ಮಿಕ್ಕ ಬೆಳ್ಳಿಯೆಲ್ಲ ಅವರ ಮೂಗಿನಲ್ಲೇ ಇದೆಯೋ ಎನಿಸಬೇಕು.

ನಾಣ್ಯ ಬದಲಿಸಿಕೊಡುವ ಸರಾಫರು ಇನ್ನೂ ಕೀಳು. ನನ್ನನ್ನು ಕಲ್ಲಿಗೆ ಕುಟ್ಟಿ, ಸದ್ದಿಗೆ ಕಿವಿಗೊಟ್ಟು, ಮುಖ ಹುಳಿ ಮಾಡಿಕೊಳ್ಳುವರು. ಏಳಕ್ಕೆ ಆರು ಕೊಡುವ ಮೊದಲು ತಮ್ಮ ಪಾಲು ಮುರಿದುಕೊಳ್ಳುವರು. ಅದಕ್ಕೆ ವಟ್ಟಾ ಎಂದು ಹೆಸರು. ಕಳ್ಳತನಕ್ಕೂ ಗದ್ದುಗೆ ಹಾಕಿ ಕೂರಿಸಿದರೆ ಅದೊಂದು ಕಸುಬು.

ಎಷ್ಟೋ ಸಂತೆ ತಿರುಗಿ, ಕೊನೆಗೆ ಆಳಂದದ ಕಡೆಯ ಗಾಣದ ಶಿವಶರಣಪ್ಪನ ಕೈಗೆ ಬಂದೆ. ಒಳ್ಳೆಯ ಮನುಷ್ಯ. ಎಣ್ಣೆಗೈ ಧೋತರಕ್ಕೆ ಒರೆಸಿಕೊಂಡೇ ನನ್ನನ್ನು ಮುಟ್ಟುತ್ತಿದ್ದ. ಎರಡನೆಯ ದೊಡ್ಡ ಯುದ್ಧ ಮುಗಿದ ಮರುವರ್ಷ ಅವನ ಮಗಳು ಭೌರಮ್ಮನಿಗೆ ಇಂಡಿ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಗಂಡು ಗೊತ್ತಾಯಿತು. ಅದು ಇಂಗ್ಲಿಷರ ಸೀಮೆ. ವರೋಪಚಾರ ಅರವತ್ತು ಕಲ್ದಾರ ಎಂದು ಮಾತಾಗಿತ್ತು. ಶಿವಶರಣಪ್ಪ ಏಳಕ್ಕೆ ಆರರಂತೆ ಎಪ್ಪತ್ತು ಹಾಲಿ ಕೂಡಿಸಿದ. ಬಹುಪಾಲು ಕಾಗದದ ನೋಟು, ಮೇಲೆ ನಮ್ಮಂಥ ಕೆಲವು ಬೆಳ್ಳಿ ರೂಪಾಯಿ. ಬಂಡಿ ಕಟ್ಟಿ ಗಡಿ ದಾಟಿದೆವು.

ಮದುಮಗಳು ಅರಿಷಿಣ ಹಚ್ಚಿಕೊಂಡು ಬಾಸಿಂಗ ಕಟ್ಟಿ ಕೂತಾಗಿತ್ತು. ವರನ ದೊಡ್ಡಪ್ಪ ಗೊಲ್ಲಾಳಪ್ಪ ನಮ್ಮನ್ನು ಕಂಬಳಿಯ ಮೇಲೆ ಸುರಿದುಕೊಂಡು ಎಣಿಸಿದ. ಆಮೇಲೆ ಕೈ ಝಾಡಿಸಿದ.

"ಬೀಗರ, ಇದು ಅರವತ್ತ ಆಗಂಗಿಲ್ಲ. ಇಂಡಿ ಸರಾಫ ಎರಡು ಕಲ್ದಾರ ವಟ್ಟಾ ಮುರಕೋತಾನ. ಅದನ್ನ ಯಾರ ಕೊಡಾವ್ರು?"

"ಏಳಕ್ಕ ಆರರ ಲೆಕ್ಕ ಹಿಡದ ತಂದೀನ್ರಿ," ಎಂದ ಶಿವಶರಣಪ್ಪ. "ಇನ್ನ ನನ್ನ ಕಡೆ ಬಂಡಿ ಎತ್ತ ಅಷ್ಟ ಉಳದಾವ."

"ಹಂಗಾರ ಎತ್ತ ಬಿಚ್ಚರಿ."

"ಬ್ಯಾಡೋ ಮಾರಾಯಾ," ಎಂದ ಗಂಡಿನ ಕಡೆಯವನೊಬ್ಬ. "ಅವೂ ಹಾಲಿ ಎತ್ತ! ಅವಕ್ಕೂ ವಟ್ಟಾ ಬೀಳತದ."

ಎಲ್ಲರೂ ನಕ್ಕರು. ಶಿವಶರಣಪ್ಪ ನಗಲಿಲ್ಲ. ಎರಡು ರೂಪಾಯಿ ಬರುವ ತನಕ ಅಕ್ಷತೆ ಬೀಳುವುದಿಲ್ಲ ಎಂದು ಗೊಲ್ಲಾಳಪ್ಪ ಕಂಬಕ್ಕೆ ಒರಗಿದ. ಮದುಮಗಳ ತಲೆ ತಗ್ಗುತ್ತಲೇ ಹೋಯಿತು. ಅರಿಷಿಣ ಹಚ್ಚಿದ ಹುಡುಗಿಯನ್ನು ಅದೇ ಬಂಡಿಯಲ್ಲಿ ತಿರುಗಿ ಒಯ್ದರೆ ಅವಳ ಬಾಳು ಏನಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅಡಿಕೆ ಕತ್ತರಿಸುತ್ತ ಕೂತಿದ್ದರು. ಮನುಷ್ಯರಿಗೆ ಬೆಲೆ ಕಟ್ಟುವ ಕೆಲಸವನ್ನು ನಾಣ್ಯಗಳಿಗೆ ಬಿಟ್ಟಿದ್ದರೆ, ಆ ಚಪ್ಪರದಲ್ಲಿ ಅನೇಕರು ಕಾಸಿಗೂ ಬಾಳುತ್ತಿರಲಿಲ್ಲ.

ಗೊಲ್ಲಾಳಪ್ಪನ ತಾಯಿ ಕಾಶವ್ವ ಒಳಗಿನಿಂದ ಬಂದಳು. ಮೊದಲು ಮದುಮಗಳಿಗೆ ಒಂದು ತಂಬಿಗೆ ನೀರು ಕುಡಿಸಿದಳು. ಬೆಳಗಿನಿಂದ ಆ ಹುಡುಗಿಯನ್ನು ಯಾರೂ ನೀರು ಬೇಕೇ ಎಂದು ಕೇಳಿರಲಿಲ್ಲ. ಆಮೇಲೆ ಮಗನತ್ತ ತಿರುಗಿದಳು.

"ಗೊಲ್ಲಾಳ್ಯಾ, ಈ ಕೂಸೂ ನಿಜಾಮನ ಸೀಮ್ಯಾಗ ಹುಟ್ಟೇದ. ಇದಕ್ಕೆಷ್ಟ ವಟ್ಟಾ ಹಿಡೀತಿ? ಕಿವಿ ಕೊಯ್ಕೊಂತಿಯೋ, ಬೆರಳ ಕೊಯ್ಕೊಂತಿಯೋ?"

ಕಾಶವ್ವ ಎಲೆಯಡಿಕೆಯ ಸಂಚಿಯಿಂದ ಎರಡು ಕಲ್ದಾರ ತೆಗೆದು ಕಂಬಳಿಯ ಮೇಲೆ ಎಸೆದಳು. "ತಗೋ, ಹೊಟ್ಟಿ ತಣ್ಣಗಾಗ್ಲಿ." ಸಂಚಿ ಬರಿದಾಗಿತ್ತು. ಮದುಮಗಳ ಉಡಿಗೆ ಅಕ್ಕಿಯ ಜೊತೆ ಹಾಕಲು ರೂಪಾಯಿ ಬೇಕಲ್ಲ? ಬಗ್ಗಿ, ರಾಶಿಯಿಂದ ನನ್ನನ್ನು ಎತ್ತಿಕೊಂಡಳು.

"ಯವ್ವಾ, ಅದು ಎಣಿಸಿದ್ದು!"

"ಮತ್ತೊಮ್ಮೆ ಎಣಸು. ಇದು ನನ್ನ ವಟ್ಟಾ."

ಅಕ್ಷತೆ ಬಿತ್ತು. ನಾನು ಭೌರಮ್ಮನ ಉಡಿ ಸೇರಿದೆ. ಉಡಿಯ ರೂಪಾಯಿ ಮುರಿಸಬಾರದು. ಅವಳು ನನ್ನನ್ನು ದೇವರ ಜಗಲಿಯ ಮೇಲೆ ಇಟ್ಟಳು. ಅಂದಿನಿಂದ ಅಲ್ಲಿಯೇ ಇದ್ದೇನೆ.

ಗೊಲ್ಲಾಳಪ್ಪ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ರೊಟ್ಟಿ ಸೀದರೆ "ಹಾಲಿ ಮಾಲು" ಎನ್ನುವನು, ಉಪ್ಪು ಕಡಿಮೆಯಾದರೆ "ಏಳಕ್ಕ ಆರು" ಎನ್ನುವನು. ಆದರೆ ಅವನ ಗುಟ್ಟು ಜಗಲಿಯ ಮೇಲಿನಿಂದ ನನಗೆ ಕಾಣುತ್ತಿತ್ತು. ಅವನು ಸರಾಫನ ಹತ್ತಿರ ಹೋಗಲೇ ಇಲ್ಲ. ಬೆಳ್ಳಿಯನ್ನು ಅಕ್ಕಸಾಲಿಗನಿಗೆ ಮಾರಿದ. ನೋಟುಗಳನ್ನು, ದರ ಏರಲೆಂದು, ಟ್ರಂಕಿನ ತಳದಲ್ಲಿಟ್ಟ. ಕೊಡದ ವಟ್ಟಾಕ್ಕೆ ಹೆತ್ತ ತಾಯಿಯಿಂದ ಎರಡು ಕಲ್ದಾರ ತೆಗೆದುಕೊಂಡ ಧೀರ.

ಮುಂದೆ ನಿಜಾಮರ ರಾಜ್ಯ ಹೋಯಿತು. ಹಾಲಿ ತಂದು ಬದಲಿಸಿಕೊಳ್ಳಿ, ಏಳಕ್ಕೆ ಆರು, ಎಂದು ಸರ್ಕಾರ ಗಡುವು ಕೊಟ್ಟಿತು. ಈ ಸಲ ವಟ್ಟಾ ಕೂಡ ಇರಲಿಲ್ಲ. ಗೊಲ್ಲಾಳಪ್ಪ ಆಗಲೂ ಕಾದ. ತಡವಾದಷ್ಟೂ ಸರ್ಕಾರ ಹೆಚ್ಚು ಕೊಟ್ಟೀತು ಎಂದು ಅವನ ಎಣಿಕೆ. ಗಡುವು ದಾಟಿತು. ಆ ನೋಟುಗಳು ಒಲೆ ಹೊತ್ತಿಸಲಿಕ್ಕೂ ಸಾಲಲಿಲ್ಲ, ಗೆದ್ದಲು ಮೊದಲೇ ತನ್ನ ವಟ್ಟಾ ಮುರಿದುಕೊಂಡಿತ್ತು.

ಅಂದು ಊಟಕ್ಕೆ ಕೂತವನು ತಲೆ ಎತ್ತಲಿಲ್ಲ. ಭೌರಮ್ಮ ಬಿಸಿ ರೊಟ್ಟಿ ಹಾಕಿದಳು. ಇನ್ನೊಂದು ಹಾಕಿದಳು. ಮೇಲೆ ಬೆಣ್ಣೆಯನ್ನೂ ಇಟ್ಟಳು.

"ಸಾಕು, ಒಂದ ಸಾಕು," ಎಂದ.

"ತಿನ್ರಿ ಮಾವಾರ," ಎಂದಳು ಅವಳು ಮೆಲ್ಲಗೆ. "ನಮ್ಮ ಕಡೆ ರೊಟ್ಟಿಗೆ ವಟ್ಟಾ ಹಿಡಿಯೂದಿಲ್ಲ."

ಅವನು ತಿಂದ. ಅಂದಿನಿಂದ ಅವಳನ್ನು ಭೌರಮ್ಮ ಎಂದೇ ಕರೆದ.

ಈಗ ನಾನೂ ನಡೆಯುವುದಿಲ್ಲ, ಕಲ್ದಾರವೂ ನಡೆಯುವುದಿಲ್ಲ. ಎಣ್ಣೆಯ ಜಿಡ್ಡಿನಲ್ಲಿ ನನ್ನ ಚಾರ್ಮಿನಾರ್ ಮುಚ್ಚಿಹೋಗಿದೆ. ಬಾಳಿನುದ್ದಕ್ಕೂ ಹಲವು ದರ ಕೇಳಿದೆ, ಎಲ್ಲವನ್ನೂ ತಾತ್ಸಾರದಿಂದಲೇ ಕೇಳಿದೆ. ಆ ರೊಟ್ಟಿಯ ದರವೊಂದು ಮಾತ್ರ ನನಗೆ ಒಪ್ಪಿಗೆಯಾಯಿತು.