ನೆಶ್ ಎನಿಸಿಕೊಳ್ಳಲು ಒಪ್ಪದ ಸಿರಿಲ್ ಅಜ್ಜ

ನಾನು ಒಂದು ಪದ. ಹೆಸರು ನೆಶ್. ಇಂಗ್ಲೆಂಡಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಹುಟ್ಟಿದೆ. ಆಗ ನನ್ನ ಅರ್ಥ ಮೆತ್ತಗಿನದು, ಎಳೆಯದು ಎಂದಷ್ಟೇ. ಎಳೆ ಹುಲ್ಲಿಗೂ ನಾನೇ, ಹಸುಗೂಸಿಗೂ ನಾನೇ. ಸುಖವಾಗಿದ್ದೆ.

ಕಾಲ ಕಳೆದಂತೆ ಪೇಟೆಯ ಓದಿದವರು ನನ್ನನ್ನು ಕೈಬಿಟ್ಟರು. ಬಿಟ್ಟರೆ ಬಿಡಲಿ! ಡರ್ಬಿಶೈರಿನ ಕಲ್ಲಿದ್ದಲ ಗಣಿಯವರು ಇಟ್ಟುಕೊಂಡರು. ಆದರೆ ಅವರ ಬಾಯಲ್ಲಿ ನಾನು ಬೈಗುಳವಾದೆ. ಚಳಿಗೆ ಹೆದರುವವನು ನೆಶ್. ಹಿಮ ಬೀಳುವಾಗ ಕೋಟಿನ ಗುಂಡಿ ಹಾಕಿಕೊಂಡವನೂ ನೆಶ್.

ಆ ಗಣಿಯಲ್ಲೇ ದುಡಿದ ಸಿರಿಲ್ ಅಜ್ಜ ಹಾಗೆ ಬೈದು, ಬೈಸಿಕೊಂಡು ಬೆಳೆದವನು. ಗಣಿ ಮುಚ್ಚಿತು, ಹೆಂಡತಿ ತೀರಿಕೊಂಡಳು, ಎದೆಯಲ್ಲಿ ಕಫ ಕಟ್ಟಿತು. ಆದರೂ ಜನವರಿಯ ಚಳಿಯಲ್ಲಿ ಅಂಗಿಯ ತೋಳು ಮಡಚಿ ಕೂರುತ್ತಿದ್ದ. ಮನೆ ಬೆಚ್ಚಗಿರದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

"ನಾನೇನು ನೆಶ್ಶೇ?" ಎಂದು ಅಜ್ಜ ನಕ್ಕುಬಿಟ್ಟ.

ನನಗೆ ಹೆದರಿ ಒಬ್ಬ ಮುದುಕ ಸಾಯುವುದೇ?

ಅವನನ್ನು ನೋಡಿಕೊಳ್ಳಲು ದಿನಾ ಬರುತ್ತಿದ್ದ ನರ್ಸ್ ಸುಮಂಗಲಾ ಹುಬ್ಬಳ್ಳಿಯವಳು. ಬುದ್ಧಿ ಹೇಳಿ ಸೋತಳು. ತಾನೇ ಹೀಟರ್ ಹಚ್ಚುತ್ತಿದ್ದಳು. ಆಕೆ ಹೊಸ್ತಿಲು ದಾಟುವುದೇ ತಡ, ಅಜ್ಜ ಆರಿಸಿಬಿಡುತ್ತಿದ್ದ. "ಏನ್ ಹಟಾ ಯವ್ವಾ ಈ ಮುದುಕಂದು!" ಎಂದು ಗೊಣಗುವಳು.

ಒಂದು ಮಧ್ಯಾಹ್ನ ಆಕೆ ಕೋಟು ಬಿಚ್ಚದೆ ಕುರ್ಚಿಯಲ್ಲಿ ಮುದುಡಿ ಕೂತಳು. ಆಕೆಯ ಇಂಗ್ಲಿಷಿಗೂ ಹುಬ್ಬಳ್ಳಿಯ ರಾಗವೇ.

"ಅಜ್ಜಾರ, ನಾನು ಭಾಳ ನೆಶ್ ಅದೀನ್ರಿ. ಥಂಡಿ ತಡ್ಕೊಳ್ಳಾಕ ಆಗವಲ್ದು. ಮನಿ ಒಮ್ಮೆ ತಣ್ಣಗಾತಂದ್ರ ಮರುದಿನಾನೂ ಕಾಯೂದಿಲ್ಲ."

ಅಜ್ಜ ಗಾಬರಿಯಾದ. "ಮೊದಲೇ ಹೇಳಬಾರದೇ ಮಗಳೇ? ಮನೆಗೆ ಬಂದವರನ್ನು ಚಳಿಯಲ್ಲಿ ಕೂರಿಸುವುದೇ!" ಎಂದು ತಾನೇ ಎದ್ದು ಹೀಟರ್ ಹಚ್ಚಿದ. ಅಂದಿನಿಂದ ಅದು ಆರಲಿಲ್ಲ. ಪಕ್ಕದ ಮನೆಯವರು ಹುಬ್ಬೇರಿಸಿದರೆ, "ನನಗಲ್ಲಪ್ಪ, ಆ ಹುಡುಗಿ ನೆಶ್" ಎನ್ನುತ್ತಿದ್ದ.

ಈಗ ನನಗೆ ವಯಸ್ಸಾಗಿದೆ. ನನ್ನನ್ನು ಬಲ್ಲ ಬಾಯಿಗಳು ಕಡಿಮೆಯಾಗುತ್ತಿವೆ. ಅದಕ್ಕೆ ಕೊರಗಿಲ್ಲ. ನನ್ನನ್ನು ಇನ್ನೊಬ್ಬರ ಮೇಲೆ ಎಸೆದವರೇ ಬಹಳ. ಹುಬ್ಬಳ್ಳಿಯ ಈ ಹೆಣ್ಣುಮಗಳು ತಾನಾಗಿ ಹೊದ್ದುಕೊಂಡಳು. ನನ್ನ ಬಾಳು ಸಾರ್ಥಕ.

ಆ ಚಳಿಗಾಲ ಕಳೆದು ಏಪ್ರಿಲ್ ಬಂತು. ಅಜ್ಜನ ಕೆಮ್ಮು ನಿಂತಿತ್ತು. ಉರಿಯುವ ಹೀಟರಿನ ಪಕ್ಕದಲ್ಲಿ ಕೋಟು ತೊಟ್ಟು ಕೂತಿದ್ದ ಸುಮಂಗಲಾಳನ್ನು ಕೇಳಿದ: "ಇನ್ನು ಆರಿಸಲೇ ಮಗಳೇ? ನಿನ್ನ ಚಳಿ ಹೋಯಿತೇ?"

"ಈಗ ಹೋತ್ರಿ ಅಜ್ಜಾರ" ಎಂದು ಆಕೆ ಕುತ್ತಿಗೆಯ ಬೆವರು ಒರೆಸಿಕೊಂಡಳು.