ಪಿಚರ್ ಅತ್ತಿಗೆಯ ಒದ್ದೆ ಕೈ

ಅತ್ತಿಗೆಗೆ ಅಂಗೈ ಬೆವರುತ್ತಿತ್ತು. ಎಲ್ಲರಿಗೂ ಬೆವರುವ ಹಾಗಲ್ಲ. ಒಳಗೆ ಎಲ್ಲೋ ಒಂದು ಸಣ್ಣ ಬುಗ್ಗೆಯೇ ಇದ್ದ ಹಾಗೆ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಹೊದಿಕೆಗಳಿಗೆ ಇಸ್ತ್ರಿ ಬೀಳಬೇಕಿತ್ತು. ಅಲ್ಲಿ ಈ ಕೈಯಿಂದ ಉಪಕಾರವೇ, ಬಟ್ಟೆಗೆ ಬೇರೆ ನೀರು ಚಿಮುಕಿಸುವುದೇ ಬೇಡ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಆದರೆ ಅವಳು ಲಾಂಡ್ರಿಯ ಸಾಫ್ಟ್‌ಬಾಲ್ ತಂಡದ ಪಿಚರ್ ಕೂಡ ಆಗಿದ್ದಳು. ತೋಳನ್ನು ಗಾಣದ ಹಾಗೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡುವ ಕೆಲಸ ಅದು. ಬೆರಳು ಕೂದಲೆಳೆಯಷ್ಟು ಜಾರಿದರೂ ಚೆಂಡು ತಾನು ಹೊರಟ ದಿಕ್ಕನ್ನೇ ಮರೆಯುತ್ತಿತ್ತು.

ಹೋದ ವರ್ಷ ಆದದ್ದೇ ಅದು. ಪ್ರತಿ ವರ್ಷ ಲಾಂಡ್ರಿಗೂ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿಗೂ ಒಂದು ಪಂದ್ಯ ನಡೆಯುತ್ತಿತ್ತು. ಕೊನೆಯ ಗಳಿಗೆಯಲ್ಲಿ ಚೆಂಡು ಕೈಜಾರಿ, ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಪ್ರೆಸ್ಸಿನ ಮ್ಯಾನೇಜರರ ಟೋಪಿ ಹಾರಿಸಿತು. ಎಲ್ಲರೂ ಟೋಪಿ ನೋಡುತ್ತಿರುವಾಗ ಓಟದ ಕೊನೆಯ ನಿಲ್ದಾಣವಾದ ಮೂರನೇ ಬೇಸಿನಲ್ಲಿದ್ದವಳು ಓಡಿ ಬಂದು ಗೆಲುವಿನ ರನ್ ಗಳಿಸಿದ್ದಳು. ಸೋತದ್ದು ಹಾಗಿರಲಿ, ಓಡಿ ಬಂದವಳು ಅವಳ ನಾದಿನಿ. ಗಂಡನ ತಂಗಿ. ಒಂದೇ ಮನೆ, ಒಂದೇ ಬಚ್ಚಲು, ಒಂದೇ ಊಟದ ಮೇಜು.

ನಾದಿನಿ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು, ಅಲ್ಲಿನ ತಂಡದ ನಾಯಕಿ. ಕಾಗದ ಮುಟ್ಟಿ ಮುಟ್ಟಿ ಅವಳ ಕೈ ಬೇಸಿಗೆಯ ಎಲೆಯ ಹಾಗೆ ಒಣಗಿತ್ತು. ಆ ಟೋಪಿಯ ಕಥೆಯನ್ನು ವರ್ಷವಿಡೀ ಊಟಕ್ಕೆ ನೆಂಚಿಕೊಂಡಳು.

"ಅತ್ತಿಗೆ, ಆ ಲೋಟ ಎರಡು ಕೈಯಲ್ಲಿ ಹಿಡ್ಕೊಳ್ಳಿ. ಎದುರಿಗೆ ಅಣ್ಣ ಕೂತಿದಾನೆ, ಅವನಿಗಿರೋದು ಒಂದೇ ತಲೆ."

"ಅದರೊಳಗೆ ಏನೂ ಇಲ್ಲ ಬಿಡೇ, ಹೋದ್ರೂ ನಷ್ಟ ಇಲ್ಲ," ಎನ್ನುತ್ತಿದ್ದರು ಅತ್ತೆ. ಮಗ ಎಂಬ ಆ ಪ್ರಾಣಿ ತಲೆ ಬಗ್ಗಿಸಿ ಉಣ್ಣುತ್ತಿತ್ತು.

ಈ ವರ್ಷ ಪಂದ್ಯಕ್ಕೆ ಎರಡು ತಿಂಗಳಿರುವಾಗಲೇ ಅತ್ತಿಗೆ ನಿಯಮಗಳ ಪುಸ್ತಕ ತಂದು ಇಸ್ತ್ರಿ ಮೇಜಿನ ಕೆಳಗಿಟ್ಟುಕೊಂಡು ಓದಿದಳು. ಎಸೆಯುವ ಕೈಯ ಬೆರಳಿಗೆ ಪಟ್ಟಿ ಸುತ್ತಬಾರದು. ಆ ಮಣಿಕಟ್ಟಿಗೆ ಬೆವರುಪಟ್ಟಿ ಕೂಡದು. ನಾಲಿಗೆಗೆ ಬೆರಳು ತಾಗಿಸಿದರೆ ಒರೆಸಿಕೊಂಡೇ ಚೆಂಡು ಮುಟ್ಟಬೇಕು. ಹಿಡಿತಕ್ಕೆಂದು ರಾಳದ ಪುಡಿ ಕೈಗೆ ಹಚ್ಚಬಹುದು, ಚೆಂಡಿಗೆ ಹಚ್ಚುವ ಹಾಗಿಲ್ಲ. ಸರಿ, ರಾಳದ ಪುಡಿಯ ಪುಟ್ಟ ಚೀಲ ತಂದಳು. ಮೊದಲ ಹತ್ತು ಎಸೆತ ಸೊಗಸಾಗಿ ಹೋದವು. ಆಮೇಲೆ ಬೆವರೂ ಪುಡಿಯೂ ಸೇರಿ ಗೋಡೆಗೆ ಪೋಸ್ಟರ್ ಅಂಟಿಸುವ ಹಸಿ ಅಂಟಾಗಿ, ಚೆಂಡು ಮತ್ತೆ ಜಾರತೊಡಗಿತು. ಕೈಯನ್ನು ಆಗಾಗ ಚೆನ್ನಾಗಿ ಒಣಗಿಸಿ, ಮತ್ತೆ ಹೊಸದಾಗಿ ಪುಡಿ ಹಚ್ಚಬೇಕು. ಆದರೆ ಎರಡು ಎಸೆತಗಳ ನಡುವೆ ಸಿಗುವುದು ಇಪ್ಪತ್ತೇ ಸೆಕೆಂಡು. ಅಷ್ಟರಲ್ಲಿ ಪ್ಯಾಂಟಿಗೆ ಒರೆಸಿಕೊಳ್ಳಬಹುದು, ಮತ್ತು ಐದನೇ ಸಲಕ್ಕೆ ಪ್ಯಾಂಟೂ ಒದ್ದೆ.

ದಾರಿ ತೋರಿಸಿದವರು ಅಂಪೈರ್. ಅವರು ಮೂಲೆಯ ಔಷಧಿ ಅಂಗಡಿಯವರು, ಕಟ್ಟುನಿಟ್ಟಿನ ಹೆಂಗಸು. ಮೈದಾನದಲ್ಲಿ ಬೇರೆ ಯಾರದೋ ಪಂದ್ಯ ನಡೆಯುತ್ತಿದ್ದಾಗ ಅತ್ತಿಗೆ ನೋಡುತ್ತ ನಿಂತಿದ್ದಳು. ಪಿಚರ್ ಕೈಗೆ ಏನೋ ಹಚ್ಚಿಕೊಂಡಿದ್ದಾಳೆ ಎಂದು ಎದುರು ತಂಡ ದೂರಿತು. ಅಂಪೈರಮ್ಮ ಆಟ ನಿಲ್ಲಿಸಿ, ಜೇಬಿನಿಂದ ಬಿಳಿ ಬಟ್ಟೆ ತೆಗೆದು, ಆ ಹುಡುಗಿಯ ಒಂದೊಂದು ಬೆರಳನ್ನೂ ಹಸುಗೂಸಿನ ಮೈ ಒರೆಸಿದ ಹಾಗೆ ಒರೆಸಿದರು. ಬಟ್ಟೆಗೆ ಏನು ಅಂಟಿದೆಯೆಂದು ಬಿಸಿಲಿಗೆ ಹಿಡಿದು ನೋಡಿದರು. ಮೂಸಿದರು. ಮೂರು ನಿಮಿಷವಾದರೂ ಹಿಡಿಯಿತು. ಕೊನೆಗೆ ಏನೂ ಇಲ್ಲವೆಂದು ಚೆಂಡು ಕೊಟ್ಟರು.

ಅತ್ತಿಗೆ ಆ ಒಣಗಿದ ಬೆರಳುಗಳನ್ನೇ ಆಸೆಗಣ್ಣಿನಿಂದ ನೋಡಿದಳು. ನನ್ನ ಮೇಲೂ ಯಾರಾದರೂ ದೂರು ಕೊಡಬಾರದೇ ಎನ್ನಿಸಿತು. ದೂರು ಕೊಡುವವರನ್ನು ಹುಡುಕಿಕೊಂಡು ಅವಳು ದೂರ ಹೋಗಬೇಕಿರಲಿಲ್ಲ.

ಮರುದಿನವೇ ಕೆಲಸ ಶುರುವಾಯಿತು. ಅತ್ತೆಯ ಕಪಾಟಿನಿಂದ ಒಂದು ತಗಡಿನ ಡಬ್ಬಿ ಎತ್ತಿಕೊಂಡು, ಮೇಲಿನ ಚೀಟಿ ಕಿತ್ತು, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಚ್ಚಿಟ್ಟಳು. ದಿನಾ ಸಂಜೆ ಆಚೀಚೆ ನೋಡಿ, ಡಬ್ಬಿ ತೆರೆದು, ಬೆರಳ ತುದಿಗೆ ಏನೋ ತಿಕ್ಕಿಕೊಂಡು, ಸದ್ದು ಮಾಡದೆ ಮುಚ್ಚಿಡುವಳು. ಸದ್ದು ಮಾಡದೆ ಎಂದರೆ, ಬಚ್ಚಲ ಕಿಟಕಿಯಲ್ಲಿ ನಾದಿನಿಗೆ ಕೇಳುವಷ್ಟು ಮಾತ್ರ.

"ಅಲ್ಲೇನು ಮಾಡ್ತಿದೀರ ಅತ್ತಿಗೆ?"

"ಏನಿಲ್ಲಮ್ಮ," ಎಂದು ಅತ್ತಿಗೆ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಅಷ್ಟು ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವಳ ಮುಖ. ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದಳು.

ಆ ವಾರವಿಡೀ ಅತ್ತೆ ಮನೆಯನ್ನೆಲ್ಲ ತಡಕಾಡಿದರು. "ನನ್ನ ಮುಲಾಮಿನ ಡಬ್ಬಿಗೇನು ಕಾಲು ಬಂತಾ?" ಎಂದು ಗೊಣಗಿದರು. ಅತ್ತಿಗೆ ಅವರ ಜೊತೆ ಸೇರಿ ಮಂಚದ ಕೆಳಗೂ ಹುಡುಕಿಕೊಟ್ಟಳು.

ಪಂದ್ಯದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತಿಗೆ ಡಬ್ಬಿಯನ್ನು ನಾದಿನಿಗೆ ಕಾಣುವ ಹಾಗೆ ಆಟದ ಚೀಲಕ್ಕೆ ತುರುಕಿ ತಂದಿದ್ದಳು. ಏಳು ಇನ್ನಿಂಗ್ಸಿನ ಆಟದಲ್ಲಿ ಎರಡನೆಯದಕ್ಕೇ ಅತ್ತಿಗೆಯ ಕೈ ತೊಟ್ಟಿಕ್ಕತೊಡಗಿತು. ಅವಳು ಮೆಲ್ಲಗೆ ಕಿವಿಯ ಹಿಂದೆ ಬೆರಳಾಡಿಸಿ, ನಾದಿನಿ ಕೂತ ಬೆಂಚಿನತ್ತ ಕಳ್ಳನೋಟ ಬೀರಿದಳು.

ನಾದಿನಿ ಎದ್ದೇಬಿಟ್ಟಳು. "ಅಂಪೈರ್ ಮೇಡಂ, ಅವರ ಕೈ ನೋಡಿ."

ಆಟ ನಿಂತಿತು. ಬಿಳಿ ಬಟ್ಟೆ ಹೊರಬಂತು. ಹೆಬ್ಬೆರಳು, ತೋರುಬೆರಳು, ಸಂದಿ, ಅಂಗೈ. "ಬರೀ ಬೆವರು ಮತ್ತೆ ರಾಳ. ಆಡಿ," ಎಂದರು ಅಂಪೈರಮ್ಮ. ಅತ್ತಿಗೆ ಹೊಸ ಪುಡಿ ಹಚ್ಚಿಕೊಂಡು ಮುಂದಿನ ಇಬ್ಬರನ್ನು ಆರು ಎಸೆತದಲ್ಲಿ ಔಟ್ ಮಾಡಿದಳು.

ಮೂರನೇ ಇನ್ನಿಂಗ್ಸಿನಲ್ಲಿ ನಾದಿನಿ ಟೋಪಿಯ ಒಳಗೆ ನೋಡಿ ಎಂದಳು. ನಾಲ್ಕನೆಯದರಲ್ಲಿ ಬೆಲ್ಟಿನ ಹಿಂದೆ ಎಂದಳು. ಎಲ್ಲಿ ನೋಡಿದರೂ ಕೊನೆಗೆ ಕೈ ನೋಡಲೇಬೇಕಲ್ಲ. ಪ್ರತಿ ಸಲವೂ ಬಟ್ಟೆ ಬರುತ್ತಿತ್ತು. ಅತ್ತಿಗೆ ಕೈ ಚಾಚಿ, ಮದರಂಗಿ ಹಾಕಿಸಿಕೊಳ್ಳುವವಳ ಹಾಗೆ ಆರಾಮಾಗಿ ನಿಲ್ಲುತ್ತಿದ್ದಳು. ಲಾಂಡ್ರಿ ಮೂರು ರನ್, ಪ್ರೆಸ್ ಎರಡು.

ಐದನೆಯದರಲ್ಲಿ ನಾದಿನಿಯ ತಾಳ್ಮೆ ಮೀರಿತು. "ಅವರ ಚೀಲದಲ್ಲಿ ಒಂದು ಡಬ್ಬಿ ಇದೆ. ನಾನೇ ಕಣ್ಣಾರೆ ನೋಡಿದೀನಿ. ದಿನಾ ಹಚ್ಕೋತಾರೆ."

ಡಬ್ಬಿ ಇತ್ತು. ಅಂಪೈರಮ್ಮ ಮುಚ್ಚಳ ತೆಗೆದರು. ಒಮ್ಮೆ ಮೂಸಿದರು. ಮೂವತ್ತು ವರ್ಷ ಔಷಧಿ ಮಾರಿದ ಮೂಗು. ಎರಡನೇ ಸಲ ಮೂಸುವ ಅಗತ್ಯ ಬೀಳಲಿಲ್ಲ.

"ಒಡೆದ ಹಿಮ್ಮಡಿಗೆ ಹಚ್ಚೋ ಮುಲಾಮಿದು. ನನ್ನ ಅಂಗಡೀದೇ. ಇದನ್ನ ಕೈಗೆ ಹಚ್ಕೊಂಡ್ರೆ ಚೆಂಡು ಹಿಡಿಯೋದಿರಲಿ, ಬಾಗಿಲ ಚಿಲಕ ತೆಗೆಯೋಕೂ ಆಗಲ್ಲ."

ನೋಡುವವರ ಸಾಲಿನಲ್ಲಿ ಅತ್ತೆ ಎದ್ದು ನಿಂತರು. "ನನ್ನ ಡಬ್ಬಿ ಕಣ್ರೀ ಅದು," ಎಂದರು, ಇಡೀ ಮೈದಾನಕ್ಕೆ ಕೇಳುವ ಹಾಗೆ. "ಮನೆಯೆಲ್ಲ ಹುಡುಕಿಸಿದಳಲ್ಲೋ ನಿನ್ನ ಹೆಂಡತಿ." ಪಕ್ಕದಲ್ಲಿದ್ದ ಮಗ ತನಗೆ ಆ ಮನೆಯೇ ಗೊತ್ತಿಲ್ಲವೆಂಬಂತೆ ಆಕಾಶ ನೋಡಿದ. ಎರಡೂ ತಂಡದವರು ನಕ್ಕರು. ಅತ್ತಿಗೆಯ ಕಿವಿ ಕೆಂಪಾಯಿತು. ಹಾಗೆಂದು ಅಂಪೈರಮ್ಮ ಮತ್ತೆ ಒರೆಸಲು ಹಿಡಿದ ಕೈಯನ್ನು ಅವಳು ಹಿಂದೆಳೆಯಲಿಲ್ಲ.

ನಗದವಳು ನಾದಿನಿ ಒಬ್ಬಳೇ. ಅವಳು ಡಬ್ಬಿಯನ್ನು ನೋಡಿದಳು. ಬಟ್ಟೆಯನ್ನು ನೋಡಿದಳು. ಒಣಗಿ ಬೆಳ್ಳಗಾದ ಅತ್ತಿಗೆಯ ಬೆರಳುಗಳನ್ನು ನೋಡಿದಳು. ಆಮೇಲೆ ಬೆಂಚಿಗೆ ಹೋಗಿ ತನ್ನ ತಂಡದವರಿಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಇನ್ಮೇಲೆ ಆ ಹೆಂಗಸು ಮೈದಾನದಲ್ಲಿ ಸ್ನಾನ ಮಾಡಿದ್ರೂ ಯಾರೂ ತುಟಿ ಬಿಚ್ಚಬೇಡಿ."

ಆರನೇ ಇನ್ನಿಂಗ್ಸ್ ಹೇಗೋ ದಾಟಿತು, ರನ್ ಇನ್ನೂ ಮೂರು, ಎರಡೇ. ಏಳನೆಯದು, ಕೊನೆಯದು. ಇಬ್ಬರು ಔಟಾಗಿದ್ದರು, ಮೂರನೇ ಬೇಸಿನಲ್ಲಿ ಒಬ್ಬಳು ಕಾಯುತ್ತಿದ್ದಳು. ಬ್ಯಾಟು ಹಿಡಿದು ಬಂದವಳು ನಾದಿನಿ. ಎರಡು ಸಲ ಬೀಸಿ ತಪ್ಪಿದಳು, ಎರಡು ಸ್ಟ್ರೈಕ್ ಬಿದ್ದವು. ಇನ್ನೊಂದು ಬಿದ್ದರೆ ಅವಳೂ ಔಟ್, ಆಟ ಮುಗಿದ ಹಾಗೆ. ಅತ್ತಿಗೆಯ ಕೈಯಲ್ಲಿ ರಾಳ ಪಾಯಸವಾಗಿತ್ತು, ಪ್ಯಾಂಟು ಹಿಂಡಿದರೆ ನೀರು ಬರುವಂತಿತ್ತು.

ಅವಳು ಕಿವಿಯ ಹಿಂದೆ ಬೆರಳಾಡಿಸಿದಳು. ಬೆಂಚು ಗಪ್‌ಚುಪ್. ಟೋಪಿ ತೆಗೆದು ಒಳಗೆ ಇಣುಕಿದಳು. ಯಾರೂ ಕೆಮ್ಮಲಿಲ್ಲ. ಬೆಲ್ಟಿನ ಹಿಂದೆ ಕೈ ಹಾಕಿ, ಸಿಕ್ಕಿಬಿದ್ದ ಮುಖ ಮಾಡಿದಳು. ಪ್ರೆಸ್ಸಿನ ಹೆಂಗಸರು ಮೋಡ ಎಣಿಸುತ್ತ ಕೂತಿದ್ದರು.

"ಮೇಡಂ, ಒಂದ್ಸಲ ನನ್ನ ಕೈ ನೋಡಿಬಿಡ್ತೀರಾ?" ಎಂದು ಅವಳೇ ಬಾಯಿಬಿಟ್ಟು ಕೇಳಿದಳು.

"ಯಾಕೆ? ಯಾರೂ ದೂರು ಕೊಟ್ಟಿಲ್ವಲ್ಲ," ಎಂದರು ಅಂಪೈರಮ್ಮ.

"ಎಸೀರಿ ಅತ್ತಿಗೆ," ಎಂದಳು ನಾದಿನಿ, ಜೇನು ಸುರಿಯುವ ದನಿಯಲ್ಲಿ. "ಇಪ್ಪತ್ತು ಸೆಕೆಂಡು ಆಗ್ತಾ ಬಂತು."

ಬೇರೆ ಗತಿಯಿರಲಿಲ್ಲ. ಅತ್ತಿಗೆ ಹಲ್ಲುಕಚ್ಚಿ, ಇದ್ದಬದ್ದ ಬಲವನ್ನೆಲ್ಲ ತೋಳಿಗೆ ಹಾಕಿ ಬೀಸಿದಳು. ತೋಳು ಬಿರುಗಾಳಿಯ ಹಾಗೆ ಬಂತು. ಕೈ ಮಾತ್ರ ಕೈಕೊಟ್ಟಿತು. ಚೆಂಡು ಬೆರಳುಗಳ ನಡುವೆ ಸೋಪಿನ ಹಾಗೆ ಜಾರಿ, ಹಿಂದೆ ಉಳಿದು, ನೆಂಟರ ಮನೆಯಿಂದ ಹೊರಡುವ ಮುದುಕಿಯ ಹಾಗೆ ನಿಂತು ನಿಂತು ಹೊರಟಿತು. ನಾದಿನಿ ನೋಡಿದ್ದು ತೋಳನ್ನು. ಸಿಡಿಲು ಬರುತ್ತದೆಂದು ಬ್ಯಾಟು ಬೀಸಿದಳು. ಬ್ಯಾಟು ಒಂದು ಸುತ್ತು ಮುಗಿಸಿತು, ಅವಳೂ ಒಂದು ಸುತ್ತು ತಿರುಗಿದಳು. ಆಮೇಲೆ ಚೆಂಡು ಬಂದು ಅವಳ ಹಿಂದಿದ್ದ ಕ್ಯಾಚರಳ ಕೈಗವಸಿನಲ್ಲಿ ಮೆತ್ತಗೆ ಕೂತಿತು.

"ಔಟ್," ಎಂದರು ಅಂಪೈರಮ್ಮ. ಲಾಂಡ್ರಿಯವರು ಓಡಿ ಬಂದು ಅತ್ತಿಗೆಯನ್ನು ಎತ್ತಿಕೊಂಡರು. ಅವಳು ಇನ್ನೂ ತನ್ನ ಅಂಗೈಯನ್ನೇ ನೋಡುತ್ತಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಮತ್ತು ಗಂಡ ಮುಂದೆ, ಇವರಿಬ್ಬರು ಹಿಂದೆ. ಮೂರನೇ ಬೀದಿಯಲ್ಲಿ ನಾದಿನಿಗೆ ತಡೆಯಲಾಗಲಿಲ್ಲ.

"ಡಬ್ಬಿ ನಾಟಕ ನಂಗೆ ಅರ್ಥ ಆಯ್ತು. ಅದು ಬಿಡಿ. ಆ ಕೊನೇ ಚೆಂಡು ಮೊದಲೇ ಯೋಚನೆ ಮಾಡಿ ಹಾಕಿದ್ದಾ?"

ನಿಜ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾದಿನಿಯ ಕಣ್ಣಿನಲ್ಲಿ ಅತ್ತಿಗೆ ಇಷ್ಟು ವರ್ಷ ಕಾಣದ ಒಂದು ಮರ್ಯಾದೆ ಇಣುಕುತ್ತಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಮತ್ತಿನ್ನೇನು," ಎಂದಳು. "ಆರು ತಿಂಗಳು ಅಭ್ಯಾಸ ಮಾಡಿದೀನಿ."

"ಅದನ್ನ ನಂಗೆ ಕಲಿಸಿಕೊಡ್ತೀರಾ?"

ಅತ್ತಿಗೆ ನಾಲ್ಕು ಹೆಜ್ಜೆ ಯೋಚಿಸಿದ ಹಾಗೆ ಮಾಡಿದಳು. "ಕಷ್ಟ ಇದೆ. ಆದ್ರೂ ನೋಡೋಣ."

ಮರುದಿನ ಸಂಜೆಯಿಂದ ಹಿತ್ತಲಲ್ಲಿ ಪಾಠ ಆರಂಭವಾಯಿತು. ಕಿರುಬೆರಳನ್ನು ಮಡಚು, ಉಸಿರು ಅರ್ಧ ಬಿಡು, ಎಡಗಾಲಿನ ಹೆಬ್ಬೆರಳನ್ನೇ ನೆನೆಸಿಕೋ ಎಂದು ಅತ್ತಿಗೆ ಬಾಯಿಗೆ ಬಂದದ್ದನ್ನೆಲ್ಲ ಗಂಭೀರವಾಗಿ ಹೇಳಿಕೊಟ್ಟಳು. ನಾದಿನಿ ಶ್ರದ್ಧೆಯಿಂದ ಮಡಚಿದಳು, ಬಿಟ್ಟಳು, ನೆನೆಸಿಕೊಂಡಳು. ನಾಲ್ಕನೇ ದಿನ, ಬಿರುಗಾಳಿಯಂಥ ತೋಳಿನಿಂದ ಬಸವನಹುಳುವಿನಂಥ ಚೆಂಡು ಅವಳಿಗೆ ಬಂದೇಬಿಟ್ಟಿತು, ಒಂದಲ್ಲ, ಸಾಲಾಗಿ ಐದು ಸಲ.

"ಈಗ ನೀವು ಒಂದು ಹಾಕಿ ತೋರಿಸಿ ಅತ್ತಿಗೆ, ನಂದು ಸರಿಯಾಗಿದೆಯಾ ನೋಡ್ತೀನಿ," ಎಂದಳು ನಾದಿನಿ.

"ನಾಳೆ," ಎಂದಳು ಅತ್ತಿಗೆ, ಒಳಗೆ ಹೋಗುತ್ತ. "ಇವತ್ತು ಭುಜ ಯಾಕೋ ಹಿಡ್ಕೊಂಡಿದೆ."