ಬೋರಲು

“ಸೊಂಟನೋವು ಕಾರಲ್ಲಿ ಕೂರೋರಿಗೆ ಬರೋ ಕಾಯ್ಲೆ ಕಣಮ್ಮಿ. ನಿಮ್ ಕೇರಿಯೋರ್ಗೆ ಸೊಂಟ ಎಲ್ಲೈತೆ? ಇರೋದು ಬರೀ ಬೆನ್ನು, ಹೊರೆ ಹೊರಾಕೆ.”

ಬದುವಿನ ಮೇಲೆ ನಿಂತು ರಘುನಂದನ್ ಹೀಗಂದಾಗ ಕಬ್ಬು ಕಡಿಯುವ ಗಂಡಾಳುಗಳು ಹಲ್ಲು ಕಿರಿದರು. ಆತಗೂರಿನಲ್ಲಿ ಅವನ ಕಬ್ಬು ಹೊತ್ತು ಟ್ರಾಕ್ಟರಿಗೆ ತುಂಬುತ್ತಲೇ ರೇವಮ್ಮನ ಪ್ರಾಯ ಸವೆದಿತ್ತು. ಈಗ ಬಲಗಾಲು ನೆಲ ಮುಟ್ಟಿದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ. ನಿನ್ನೆ ಕೆಲಸ ಬಿಟ್ಟು ಮಂಡ್ಯದ ಆಸ್ಪತ್ರೆಗೆ ಹೋಗಿದ್ದಳು. ಅದೇ ಅಪರಾಧ.

“ಹೊರೆ ಹೊರಬ್ಯಾಡ ಅಂದವ್ರೆ ಬುದ್ಧಿ. ಕೂತ್ಕಂಡು ಕಬ್ಬಿನ ತರಗು ಸುಲೀತೀನಿ.”

“ಸುಲೀವಂತೆ. ಏಳ್ದೆ ಕೇಳ್ದೆ ಓಗಿದ್ಕೆ ಮೊದ್ಲು ಅಡ್ಡಬೀಳು. ನಮ್ಮಪ್ಪನ ಕಾಲದಿಂದ್ಲೂ ಇರೋ ಪದ್ಧತಿ. ತಪ್ಪಾಯ್ತು ಅನ್ನು, ಕೆಲ್ಸ ತಕೊ.”

“ಬಗ್ಗಕೂಡ್ದಂತೆ ಬುದ್ಧಿ.”

“ಬಗ್ಗದಿದ್ರೆ ನಡಿ ಅತ್ಲಾಗೆ, ಮುಂಡೆ.”

ನಡೆಯಲು ಕಾಲು ಒಪ್ಪಬೇಕಲ್ಲ. ಟ್ರಾಕ್ಟರ್ ಊರ ಕಡೆ ಹೊರಟಾಗ ಹತ್ತಿಕೊಂಡರಾಯಿತೆಂದು ಹೊಂಗೆ ಮರದಡಿ ಕೂತಳು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಅರ್ಪಿತ, ಬೆನ್ನುಮೂಳೆಯ ಬಿಲ್ಲೆ ಜಾರಿ ನರ ಒತ್ತುತ್ತಿದೆ ಎಂದಿದ್ದಳು. ಬೋರಲು ಮಲಗಿಸಿ, ಅಂಗೈ ಊರಿಸಿ, ಎದೆ ಎತ್ತಿಸಿದ್ದಳು. “ಸೊಂಟ ಮೇಲೇಳಬಾರ್ದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾಡಿ. ಇನ್ನೂ ಹೊರೆ ಹೊತ್ರೆ ಆ ಕಾಲು ವಾಪಸ್ ಬರಲ್ಲಮ್ಮ.”

“ಹೊರ್ದಿದ್ರೆ ಅನ್ನ ಬತ್ತದಾ ಅವ್ವ?”

ಅರ್ಪಿತ ಮುಂದಿನವರನ್ನು ಕರೆದಿದ್ದಳು.

ಮಧ್ಯಾಹ್ನ ಆಳುಗಳು ಮುದ್ದೆಯ ಗಂಟು ಬಿಚ್ಚಿದರು. ರೇವಮ್ಮ ತರಗಿನ ಮೇಲೆ ಟವಲು ಹಾಸಿ ಬೋರಲು ಮಲಗಿದಳು. ಎದೆ ಎತ್ತಿದಳು. ಕಾಲೊಳಗೆ ಕಾದ ಸಲಾಕೆ ಎಳೆದಂತಾಯಿತು. ಇಳಿಸಿದಳು. ಮತ್ತೆ ಎತ್ತಿದಳು.

ಮೂಗಿನ ಮುಂದೆ ಎರಡು ಬೂಟು ಬಂದು ನಿಂತವು.

“ಅಂಗೆ ಬಾ ದಾರಿಗೆ,” ಅಂದ ರಘುನಂದನ್. “ಸಾಕು ಏಳು. ಎಷ್ಟ್ ಸಲ ಬೀಳ್ತೀಯೆ? ಒಂದ್ಸಲ ಬಿದ್ರೆ ಸಾಕು, ನಾನೇನ್ ದೇವ್ರಾ? ಓಗು, ತರಗು ಸುಲಿ.”

ಸುಮ್ಮನೆ ಎದ್ದರೆ ಕೆಲಸ ಸಿಗುತ್ತಿತ್ತು. ಕಾಲೂ ಉಳಿಯುತ್ತಿತ್ತು.

ಪಕ್ಕದಲ್ಲಿ ಉಣ್ಣುತ್ತಿದ್ದ ಮಲ್ಲಿಗಮ್ಮ, “ಊಂ ಅನ್ನಮ್ಮಿ, ನಿನ್ ಗಂಟೇನೋಯ್ತದೆ,” ಎಂದು ಪಿಸುಗುಟ್ಟಿದಳು.

ರೇವಮ್ಮ ಬಾಯಿಗೆ ಮೆತ್ತಿದ್ದ ತರಗಿನ ಧೂಳು ಉಗಿದಳು.

“ನಿಂಗಲ್ಲ ಕಣೋ ನಾನು ಬಿದ್ದಿರೋದು. ನನ್ ಸೊಂಟಕ್ಕೆ ಬಿದ್ದಿವ್ನಿ. ಕಾಲ್ ತಗಿ ಅತ್ಲಾಗೆ, ಗಾಳಿ ಬರ್ಲಿ.”

ಅವಳ ಮಾತಿನಿಂದ ‘ಬುದ್ಧಿ’ ಎಲ್ಲೋ ಉದುರಿಹೋಗಿತ್ತು. ಮಲ್ಲಿಗಮ್ಮ ತುತ್ತು ಬಾಯಲ್ಲಿಟ್ಟುಕೊಂಡೇ ಕಿಸಕ್ಕನೆ ನಕ್ಕಳು. ಬೆಳಿಗ್ಗೆ ಹಲ್ಲು ಕಿರಿದಿದ್ದವರೂ ತಲೆ ತಗ್ಗಿಸಿ ನಕ್ಕರು. ರಘುನಂದನನ ಕಿವಿಗಳು ಕೆಂಪಾದವು.

“ಏಳೇ ಲೌಡಿ! ಇದು ನನ್ ಗದ್ದೆ! ಕನಕರಾಜು, ಎಳ್ದು ರೋಡ್ಗಾಕ್ಲಾ ಇವ್ಳ!”

ಟ್ರಾಕ್ಟರ್ ಓಡಿಸುವ ಕನಕರಾಜು ಕೈ ತೊಳೆದುಕೊಂಡು ಎದ್ದ. ಎರಡು ಹೆಜ್ಜೆ ಬಂದ. ಅಲ್ಲೇ ನಿಂತ.

ರೇವಮ್ಮ ಏಳಲಿಲ್ಲ. ಹೊಟ್ಟೆಯ ಮೇಲೆಯೇ ಮೈ ಎಳೆದುಕೊಂಡು, ತರಗು ಚರಚರ ಅನ್ನುತ್ತಿರಲು, ಅರ್ಧ ಸುತ್ತು ತಿರುಗಿದಳು. ತಲೆ ಮರದ ಕಡೆಗಾಯಿತು. ಕೆಸರು ಒಣಗಿ ಬಿರಿದ ಎರಡು ಅಂಗಾಲು ರಘುನಂದನನ ಮುಖದ ಕಡೆಗಾದವು.

ಅಂಗೈ ಊರಿ ಎದೆ ಎತ್ತಿದಳು.